ಇಯರ್‌ಫೋನ್‌ಗೆ 50 ಡೆಸಿಬೆಲ್ ಮಿತಿ: ಕೂಲರ್ ಓಡುವ ಮನೆಯಲ್ಲಿ ಅದು ಆಗುವ ಮಾತಾ?

'ಹೆಡ್‌ಫೋನ್ ದಿನಕ್ಕೆ ಎರಡು ತಾಸು ಮಾತ್ರ. ಅದೂ 50 ಡೆಸಿಬೆಲ್ ಒಳಗೆ.' 2025ರ ಫೆಬ್ರುವರಿಯಲ್ಲಿ ಪೇಪರು, ಟಿವಿಗಳಲ್ಲಿ ಬಂದ ಸುದ್ದಿಯ ಸಾರ ಇಷ್ಟು. (ಡೆಸಿಬೆಲ್ ಎಂದರೆ ಸದ್ದಿನ ಅಳತೆ.) ಕೇಂದ್ರ ಆರೋಗ್ಯ ಇಲಾಖೆಯ ಕಡೆಯಿಂದ ಬಂದ ಮಾತು ಎಂದ ಮೇಲೆ ಅದಕ್ಕೆ ತೂಕವೂ ಇತ್ತು. ಆದರೆ ಓದಿದವರಿಗೆ ಸ್ಪಷ್ಟತೆಗಿಂತ ಗೊಂದಲವೇ ಜಾಸ್ತಿ ಆಯಿತು. ಇದು ಕಾನೂನಾ? ಮೀರಿದರೆ ದಂಡವಾ? 50 ಡೆಸಿಬೆಲ್ ಅಂದರೆ ಮೊಬೈಲ್‌ನಲ್ಲಿ ವಾಲ್ಯೂಮ್ ಅರ್ಧಕ್ಕೆ ಇಡುವುದಾ?

ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಇನ್ನೊಂದು ಪ್ರಶ್ನೆಯೂ ಇದೆ. ಇಲ್ಲಿ ಹೋಳಿ ಮುಗಿದ ಮೇಲೆ ಮಳೆ ಹಿಡಿಯುವ ತನಕ ಮನೆಯಲ್ಲಿ ಕೂಲರ್ ಬಂದ್ ಆಗುವುದೇ ಅಪರೂಪ. ಕಬ್ಬಿಣದ ಡಬ್ಬಿಯ ದೊಡ್ಡ ಕೂಲರ್ ಒಂದರ ಸದ್ದೇ ಸುಮಾರು 60 ಡೆಸಿಬೆಲ್ ಇರುತ್ತದೆ. ಅದರ ಪಕ್ಕ ಕೂತು 50 ಡೆಸಿಬೆಲ್‌ನಲ್ಲಿ ಆನ್‌ಲೈನ್ ಕ್ಲಾಸ್ ಕೇಳಿ ಅಂದರೆ ಹೇಗೆ ಕೇಳಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಯಾವ ಇಯರ್‌ಫೋನ್, ಯಾವ ಸ್ಪೀಕರ್ ತಗೋಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ.

ಪತ್ರದಲ್ಲಿ ಇರುವುದೇನು

ಮೊದಲನೆಯದಾಗಿ, ಇದು ಕಾನೂನಲ್ಲ. ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ರಾಜ್ಯಗಳಿಗೆ ಮತ್ತು ಮೆಡಿಕಲ್ ಕಾಲೇಜುಗಳಿಗೆ ಬರೆದ ಪತ್ರ. ಜನರಲ್ಲಿ, ಮುಖ್ಯವಾಗಿ ಯುವಕರಲ್ಲಿ ತಿಳಿವಳಿಕೆ ಮೂಡಿಸಿ ಎಂಬುದು ಅದರ ಆಶಯ. ಅನಗತ್ಯವಾಗಿ ಹೆಡ್‌ಫೋನ್ ಬಳಸಬೇಡಿ, ಬಳಸುವುದೇ ಆದರೆ 50 ಡೆಸಿಬೆಲ್ ಮೀರಬೇಡಿ, ದಿನಕ್ಕೆ ಎರಡು ತಾಸು ಸಾಕು, ನಡುವೆ ಬಿಡುವು ಕೊಡಿ ಎಂದು ಅದು ಹೇಳುತ್ತದೆ. ಮಕ್ಕಳ ಸ್ಕ್ರೀನ್ ಸಮಯದ ಬಗ್ಗೆಯೂ ಮಾತಿದೆ.

ಸುದ್ದಿಯಲ್ಲಿ ಅಷ್ಟಾಗಿ ಎದ್ದು ಕಾಣದ ಒಂದು ಸಾಲು ಅದರಲ್ಲಿದೆ. ಕಿವಿಗೆ ಸರಿಯಾಗಿ ಕೂರುವ, ಬೇಸ್ (ದಪ್ಪ ಧ್ವನಿ) ಕಡಿಮೆ ಇರುವ, ಸಾಧ್ಯವಾದರೆ ಹೊರಗಿನ ಸದ್ದನ್ನು ತಗ್ಗಿಸುವ ಹೆಡ್‌ಫೋನ್ ಬಳಸಿ ಎಂಬ ಸಲಹೆ. ನಿಜಕ್ಕೂ ಕೆಲಸಕ್ಕೆ ಬರುವುದು ಇದೇ ಸಾಲು. ತಲೆಬರಹ ಆಗಿದ್ದು ಮಾತ್ರ 50 ಎಂಬ ಅಂಕಿ.

ಒಂದೊಂದು ಕಡೆ ಒಂದೊಂದು ಅಂಕಿ

ಗೊಂದಲಕ್ಕೆ ಮುಖ್ಯ ಕಾರಣ, ಸದ್ದಿನ ಬಗ್ಗೆ ನಾಲ್ಕಾರು ಮಿತಿಗಳು ಒಟ್ಟಿಗೆ ಚಾಲ್ತಿಯಲ್ಲಿವೆ. ಒಂದಕ್ಕೊಂದು ತಾಳೆ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಮಾಡಿದ ಮಾನದಂಡದ ಪ್ರಕಾರ, ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. ಮಕ್ಕಳಿಗೆ ಅದೇ 40 ತಾಸು, ಆದರೆ 75 ಡೆಸಿಬೆಲ್. ಅದೇ ಸಂಸ್ಥೆ ಸುಲಭ ಸೂತ್ರವಾಗಿ ವಾಲ್ಯೂಮ್ ಶೇ 60 ಮೀರದಿರಲಿ ಎಂದೂ ಹೇಳುತ್ತದೆ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು, 2000ನೇ ಇಸವಿಯವು, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಅಂಗಡಿ ಬೀದಿಗೆ ಹಗಲು 65. ಇನ್ನು ಕಾರ್ಖಾನೆಗಳಲ್ಲಿ ಎಂಟು ತಾಸಿನ ಪಾಳಿಗೆ 90 ಡೆಸಿಬೆಲ್ ತನಕ ಅವಕಾಶ ಇದೆ.

ಈಗ 50 ಎಂಬ ಅಂಕಿಯನ್ನು ಇವುಗಳ ಪಕ್ಕ ಇಟ್ಟು ನೋಡಿ. ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನ್‌ಗೆ ಹೇಳಿದ ಮಿತಿ, ನಿಮ್ಮ ಓಣಿಯಲ್ಲಿ ಹಗಲು ಇರಬಹುದು ಎಂದು ಸರ್ಕಾರವೇ ಒಪ್ಪಿದ ಸದ್ದಿಗಿಂತ ಕಡಿಮೆ! ಎದುರು ಕೂತು ಇಬ್ಬರು ಮಾತಾಡಿದರೇ ಸುಮಾರು 60 ಡೆಸಿಬೆಲ್ ಆಗುತ್ತದೆ. ಹಾಗಾದರೆ 50 ಎಂಬುದು ರಾತ್ರಿ ಹೊತ್ತು, ಫ್ಯಾನ್ ಕೂಡ ಇಲ್ಲದ ಕೋಣೆಯಲ್ಲಿ ಮಾತ್ರ ನಡೆಯುವ ಲೆಕ್ಕ.

ಎರಡು ತಾಸಿನ ಮಿತಿಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ದಿನಕ್ಕೆ ಎರಡು ತಾಸು ಅಂದರೆ ವಾರಕ್ಕೆ 14. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದರೆ ಅಷ್ಟು ಹೊತ್ತು ಸುಮಾರು 84 ಡೆಸಿಬೆಲ್ ತನಕ ಕೇಳಿದರೂ ದೊಡ್ಡವರು ಮಿತಿಯೊಳಗೇ ಇರುತ್ತಾರೆ. ಇನ್ನೊಂದು ಕಡೆಯಿಂದ ನೋಡಿದರೆ, 50 ಡೆಸಿಬೆಲ್ ಸದ್ದು ದಿನವಿಡೀ ಕೇಳಿದರೂ ಕಿವಿಗೆ ಪೆಟ್ಟಾಗುವುದಿಲ್ಲ. ಅಂದರೆ 50 ಮತ್ತು ಎರಡು ತಾಸು, ಈ ಎರಡೂ ಒಂದೇ ಲೆಕ್ಕದಿಂದ ಹುಟ್ಟಿದವಲ್ಲ. ಕಿವಿಯ ಜೊತೆಗೆ ಮೊಬೈಲ್ ಗೀಳನ್ನೂ ತಡೆಯಬೇಕು ಎಂಬ ಉದ್ದೇಶ ಪತ್ರದಲ್ಲಿ ಬೆರೆತಿದೆ ಎಂದು ಓದಿಕೊಂಡರೆ ಮಾತ್ರ ಅದು ಅರ್ಥವಾಗುತ್ತದೆ.

ಹಾಗಂತ ಪತ್ರವನ್ನು ತಳ್ಳಿಹಾಕುವುದೂ ಸರಿಯಲ್ಲ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಯುವಾಗ ನೋವೂ ಆಗುವುದಿಲ್ಲ. ಹೀಗಾಗಿ ವೈದ್ಯರು ಮಿತಿಯನ್ನು ಆದಷ್ಟು ಕೆಳಗೆ ಎಳೆಯುತ್ತಾರೆ. ಆದರೆ ಪಾಲಿಸಲಾಗದ ಅಂಕಿ ಕೊಟ್ಟರೆ ಜನ ಒಟ್ಟು ಸಲಹೆಯನ್ನೇ ಬದಿಗೆ ಸರಿಸುತ್ತಾರೆ. ಈ ಪತ್ರಕ್ಕೂ ಆಗಿದ್ದು ಬಹುಶಃ ಅದೇ.

ಡೆಸಿಬೆಲ್ ಲೆಕ್ಕ ಸೀದಾ ಅಲ್ಲ

80ರಿಂದ 90ಕ್ಕೆ ಹೋದರೆ ಹತ್ತು ಹೆಚ್ಚಾಯಿತು, ಅಷ್ಟೇ ತಾನೆ? ಅಲ್ಲ. ಡೆಸಿಬೆಲ್‌ನಲ್ಲಿ 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಆಗುತ್ತದೆ. ಆದರೆ ನಮ್ಮ ಕಿವಿಗೆ ಅದು ಎರಡು ಪಟ್ಟು ಜೋರಾದಂತೆ ಕೇಳುತ್ತದೆ ಅಷ್ಟೇ. ಮೋಸ ಇರುವುದೇ ಇಲ್ಲಿ. ಕಿವಿಗೆ ಬೀಳುವ ಪೆಟ್ಟು ಒಂದು ವೇಗದಲ್ಲಿ ಏರುತ್ತದೆ, ನಮಗೆ ಗೊತ್ತಾಗುವುದು ಇನ್ನೊಂದು ವೇಗದಲ್ಲಿ.

3 ಡೆಸಿಬೆಲ್ ಏರಿದರೆ ಶಕ್ತಿ ದುಪ್ಪಟ್ಟು. ಹಾಗಾಗಿ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ವಾರಕ್ಕೆ 80 ಡೆಸಿಬೆಲ್ ಆದರೆ 40 ತಾಸು, 85 ಆದರೆ ಹನ್ನೆರಡೂವರೆ ತಾಸು, 90 ಆದರೆ 4 ತಾಸು, 95 ಆದರೆ ಒಂದೂಕಾಲು ತಾಸು, 100 ಆದರೆ ಸುಮಾರು 20 ನಿಮಿಷ. ತಿಂಗಳ ಸಂಬಳದ ಹಾಗೆ ಇದೂ ಒಂದು ಕೂಡಿಟ್ಟ ಗಂಟು. ಒಂದೇ ದಿನ ಜೋರು ಖರ್ಚು ಮಾಡಿದರೆ ಉಳಿದ ದಿನ ಕೈ ಬಿಗಿ ಹಿಡಿಯಬೇಕು.

ಶೇ 60 ಎಂಬ ಸೂತ್ರ ಯಾಕೆ ಪೂರ್ತಿ ನಂಬಿಕಸ್ಥವಲ್ಲ ಅನ್ನುವುದೂ ಇಲ್ಲಿಂದಲೇ ತಿಳಿಯುತ್ತದೆ. ಅಷ್ಟೇ ವಿದ್ಯುತ್ ಕೊಟ್ಟರೂ ಎಲ್ಲ ಇಯರ್‌ಫೋನ್‌ಗಳೂ ಅಷ್ಟೇ ಸದ್ದು ಮಾಡುವುದಿಲ್ಲ. ವೈರ್ ಇರುವ ಇಯರ್‌ಫೋನ್ ಡಬ್ಬಿಯ ಮೇಲೆ ಸೆನ್ಸಿಟಿವಿಟಿ ಎಂದು ಬರೆದಿರುತ್ತದೆ. ಒಂದರಲ್ಲಿ 95, ಇನ್ನೊಂದರಲ್ಲಿ 110 ಇರಬಹುದು. ಅದೇ ಫೋನು, ಅದೇ ವಾಲ್ಯೂಮ್ ಪಟ್ಟಿ. ಆದರೂ ಕಿವಿಯಲ್ಲಿ 15 ಡೆಸಿಬೆಲ್ ತನಕ ವ್ಯತ್ಯಾಸ ಬರಬಹುದು. ಗೆಳೆಯ ಶೇ 60ಕ್ಕೆ ಇಟ್ಟುಕೊಂಡು ಸುರಕ್ಷಿತವಾಗಿದ್ದಾನೆ ಅಂದ ಮಾತ್ರಕ್ಕೆ ನೀವೂ ಇದ್ದೀರಿ ಅಂತಲ್ಲ.

ವಾಲ್ಯೂಮ್ ಏರಿಸುವುದು ಬೆರಳಲ್ಲ, ಸುತ್ತಲಿನ ಸದ್ದು

ಜನ ಸುಮ್ನೆ ವಾಲ್ಯೂಮ್ ಜೋರು ಮಾಡುವುದಿಲ್ಲ. ಹೊರಗಿನ ಸದ್ದನ್ನು ಮೀರಿ ಕೇಳಬೇಕು, ಅದಕ್ಕೆ ಮಾಡುತ್ತಾರೆ. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಅದು ಹಿನ್ನೆಲೆ ಸದ್ದಿಗಿಂತ ಐದರಿಂದ ಹತ್ತು ಡೆಸಿಬೆಲ್ ಆದರೂ ಮೇಲಿರಬೇಕು.

ಬೀದರ್‌ನಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವವರನ್ನೇ ತಗೊಳ್ಳಿ. ನೂರು ಕಿಲೋಮೀಟರ್ ಮೇಲಿನ ದಾರಿ. ಬಿಸಿಲಿಗೆ ಕಿಟಕಿ ತೆರೆದಿರುತ್ತದೆ. ಎಂಜಿನ್, ಗಾಳಿ, ಗಡಗಡ ಗಾಜು ಎಲ್ಲ ಸೇರಿ 75ರಿಂದ 80 ಡೆಸಿಬೆಲ್ ಸಲೀಸಾಗಿ ಆಗುತ್ತದೆ. ಕಿವಿಯ ಬಾಗಿಲಲ್ಲಿ ಸಡಿಲವಾಗಿ ಕೂರುವ, ರಬ್ಬರ್ ತುದಿ ಇಲ್ಲದ ಇಯರ್‌ಫೋನ್ ಹಾಕಿಕೊಂಡವರು ಹಾಡು ಕೇಳಲು 85-90 ಡೆಸಿಬೆಲ್ ತನಕ ಹೋಗಲೇಬೇಕು. ವಾರಕ್ಕೆ ನಾಲ್ಕು ದಿನ ಹೋಗಿ ಬರುವವರಾದರೆ ವಾರದ ಗಂಟು ಬಸ್ಸಿನಲ್ಲೇ ಮುಗಿಯಿತು.

2021ರ ನವೆಂಬರ್‌ನಲ್ಲಿ ಹೈಕೋರ್ಟ್ ಆದೇಶದ ಬಳಿಕ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕುವುದನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಪಕ್ಕದವರ ರೀಲ್ಸ್ ನಾವು ಯಾಕೆ ಕೇಳಬೇಕು, ಅಲ್ವಾ? ಆದರೆ ಒಂದು ಕಡೆ ಸ್ಪೀಕರ್ ಬೇಡ ಎಂದರೆ ಜನ ಇಯರ್‌ಫೋನ್‌ಗೆ ಹೋಗುತ್ತಾರೆ. ಇನ್ನೊಂದು ಕಡೆ ಇಯರ್‌ಫೋನ್‌ಗೆ 50 ಡೆಸಿಬೆಲ್ ಎನ್ನಲಾಗುತ್ತದೆ. ಬಸ್ಸಿನ ಒಳಗಿನ ಸದ್ದಿನ ಬಗ್ಗೆ ಯಾರೂ ಮಾತಾಡುವುದಿಲ್ಲ.

ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ದಾಲ್ ಮಿಲ್‌ಗಳಲ್ಲಿ, ಶಹಾಬಾದ್‌ನ ಕಲ್ಲು ಪಾಲಿಶ್ ಮಾಡುವಲ್ಲಿ ದುಡಿಯುವವರ ಸ್ಥಿತಿ ಇನ್ನೂ ಬೇರೆ. 90 ಡೆಸಿಬೆಲ್‌ನ ಪಾಳಿ ಒಂದು ದಿನ ಮುಗಿಸಿದರೇ ಕಿವಿಯ ವಾರದ ಪಾಲು ಎರಡು ಪಟ್ಟು ಖರ್ಚಾಗಿರುತ್ತದೆ. ಯಂತ್ರದ ಸದ್ದು ಮುಚ್ಚಲು ಅದರ ಮೇಲೆ ಹಾಡು ಹಾಕಿಕೊಳ್ಳುವುದು ಅಲ್ಲಿ ಕಾಣುವ ಅಪಾಯ. ಅಲ್ಲಿ ಬೇಕಾದ್ದು ಇಯರ್‌ಫೋನ್ ಅಲ್ಲ, ಹತ್ತಿಪ್ಪತ್ತು ರೂಪಾಯಿಯ ಫೋಮ್ ಇಯರ್‌ಪ್ಲಗ್.

ಹಾಗಾದರೆ ಯಾವ ಇಯರ್‌ಫೋನ್?

ಮೇಲಿನದ್ದು ಒಪ್ಪಿದರೆ ಉತ್ತರ ಸುಲಭ. ಹೊರಗಿನ ಸದ್ದನ್ನು ಎಷ್ಟು ತಡೆಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಬೇಸ್, ಬಣ್ಣ, ಬ್ಲೂಟೂತ್ ನಂಬರ್ ಎಲ್ಲ ಆಮೇಲೆ.

ತಡೆಯಲು ಎರಡು ದಾರಿ. ಮೊದಲನೆಯದು ಸುಮ್ಮನೆ ಮುಚ್ಚುವುದು. ಸಿಲಿಕೋನ್ ತುದಿ ಇರುವ ಇನ್-ಇಯರ್ ಸರಿಯಾಗಿ ಕೂತರೆ 15ರಿಂದ 20 ಡೆಸಿಬೆಲ್ ಹೊರಗೇ ನಿಲ್ಲುತ್ತದೆ. ನೂರಿನ್ನೂರು ರೂಪಾಯಿಯ ವೈರ್ ಇಯರ್‌ಫೋನ್‌ನಲ್ಲೂ ಈ ಲಾಭ ಸಿಗುತ್ತದೆ. ಆದರೆ 'ಸರಿಯಾಗಿ ಕೂತರೆ' ಎಂಬ ಷರತ್ತು ದೊಡ್ಡದು. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ತುದಿ ಕೊಟ್ಟಿರುತ್ತಾರೆ. ಬಹಳ ಜನ ಹಾಕಿದ್ದನ್ನೇ ಬಳಸುತ್ತಾರೆ, ಉಳಿದೆರಡು ಡಬ್ಬಿಯಲ್ಲೇ ಉಳಿಯುತ್ತವೆ. ತುದಿ ಸಣ್ಣದಾದರೆ ಸಂದಿಯಿಂದ ಬೇಸ್ ಸೋರಿ ಹೋಗುತ್ತದೆ, ಹೊರಗಿನ ಸದ್ದು ಒಳಗೆ ನುಗ್ಗುತ್ತದೆ. 'ಈ ಇಯರ್‌ಫೋನ್‌ನಲ್ಲಿ ಬೇಸೇ ಇಲ್ಲ' ಎಂದು ದೂರುವವರಲ್ಲಿ ಎಷ್ಟೋ ಜನರಿಗೆ ಬೇಕಾದ್ದು ಹೊಸ ಇಯರ್‌ಫೋನ್ ಅಲ್ಲ, ಒಂದು ಅಳತೆ ದೊಡ್ಡ ತುದಿ. ಎರಡು ಕಿವಿಗೆ ಎರಡು ಬೇರೆ ಅಳತೆ ಬೇಕಾಗುವುದೂ ಸಹಜ.

ಎರಡನೆಯದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಇಯರ್‌ಫೋನ್‌ನಲ್ಲಿರುವ ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ಉಲ್ಟಾ ಅಲೆಯನ್ನು ಒಳಗೆ ಬಿಡುತ್ತದೆ. ಎರಡೂ ಸೇರಿ ಸದ್ದು ಅಡಗುತ್ತದೆ. ಒಂದೇ ಸಮ ಬರುವ, ದಪ್ಪ ಧ್ವನಿಯ ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೂಲರ್‌ನ ಗುಂಯ್, ಬಸ್ಸಿನ ಎಂಜಿನ್, ಬೆಂಗಳೂರಿಗೆ ಹೋಗುವ ರಾತ್ರಿ ರೈಲಿನ ಗಡಗಡ ಇದೇ ಜಾತಿಯವು. ಪಕ್ಕದವರ ಮಾತು, ಮಗುವಿನ ಅಳು, ಹಾರ್ನ್ ಇವುಗಳ ಮುಂದೆ ಎಎನ್‌ಸಿ ಅಷ್ಟಕ್ಕಷ್ಟೇ. ಅದನ್ನು ರಬ್ಬರ್ ತುದಿಯೇ ತಡೆಯಬೇಕು. ಹೀಗಾಗಿ ಎಎನ್‌ಸಿ ದೊಡ್ಡ ಊರಿನ ಐಟಿ ಮಂದಿಯ ಶೋಕಿ ಎಂಬ ಮಾತು ತಪ್ಪು. ಕೂಲರ್ ಓಡುವ ಊರಿಗೇ ಅದರ ಉಪಯೋಗ ಜಾಸ್ತಿ.

ಇಲ್ಲಿ ಡಬ್ಬಿಯ ಮೇಲಿನ ಒಂದು ಆಟ ಗೊತ್ತಿರಬೇಕು. ಅಗ್ಗದ ನೆಕ್‌ಬ್ಯಾಂಡ್, ಇಯರ್‌ಬಡ್‌ಗಳ ಮೇಲೆ ಇಎನ್‌ಸಿ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಎಎನ್‌ಸಿ ಅಲ್ಲ. ಇಎನ್‌ಸಿ, ಅಂದರೆ ಎನ್ವಿರಾನ್‌ಮೆಂಟಲ್ ನಾಯ್ಸ್ ಕ್ಯಾನ್ಸಲೇಶನ್, ಕೆಲಸ ಮಾಡುವುದು ಮೈಕ್‌ನಲ್ಲಿ. ನೀವು ಫೋನಿನಲ್ಲಿ ಮಾತಾಡುವಾಗ ಆ ಕಡೆಯವರಿಗೆ ನಿಮ್ಮ ಕೂಲರ್ ಸದ್ದು ಕಡಿಮೆ ಕೇಳುವಂತೆ ಮಾಡುತ್ತದೆ. ನಿಮ್ಮ ಕಿವಿಗೆ ಅದರಿಂದ ಏನೂ ಲಾಭವಿಲ್ಲ. 'ನಾಯ್ಸ್ ಕ್ಯಾನ್ಸಲೇಶನ್ ಇದೆ' ಎಂದು ಅಂಗಡಿಯವರು ಹೇಳಿದರೆ ಯಾವುದು ಎಂದು ಕೇಳಿ. ಒಂದಕ್ಷರದ ವ್ಯತ್ಯಾಸಕ್ಕೆ ಬಹಳ ದುಡ್ಡು ಹೋಗುತ್ತದೆ.

ಬ್ಲೂಟೂತ್ ಆವೃತ್ತಿ 5.3 ಆದರೆ ಧ್ವನಿ ಚೆನ್ನ ಎಂಬುದೂ ಹಾಗೇ. ಆವೃತ್ತಿ ಸಂಪರ್ಕಕ್ಕೆ, ಬ್ಯಾಟರಿ ಉಳಿತಾಯಕ್ಕೆ ಸಂಬಂಧಿಸಿದ್ದು. ಧ್ವನಿಯ ಗುಣಮಟ್ಟ ಕೋಡೆಕ್‌ನಿಂದ (ಫೋನು ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ), ಅದಕ್ಕಿಂತ ಹೆಚ್ಚಾಗಿ ಇಯರ್‌ಫೋನ್‌ನ ಒಳಗಿನ ಜೋಡಣೆಯಿಂದ ಬರುತ್ತದೆ. ಬಸ್ಸಿನಲ್ಲಿ ಕೇಳುವವರಿಗೆ ಕೋಡೆಕ್ ವ್ಯತ್ಯಾಸ ಗೊತ್ತೂ ಆಗುವುದಿಲ್ಲ, ಬಿಟ್ಟುಬಿಡಿ.

ಬೈಕ್ ಓಡಿಸುವಾಗ, ರಸ್ತೆ ದಾಟುವಾಗ ಇದೆಲ್ಲ ತಿರುಗಿ ಬೀಳುತ್ತದೆ. ಸದ್ದು ತಡೆಯುವ ಗುಣವೇ ಅಲ್ಲಿ ಅಪಾಯ. ಹಿಂದಿನ ಲಾರಿ ಕೇಳಲೇಬೇಕು.

ಮಕ್ಕಳ ಹೆಡ್‌ಫೋನ್: '85 ಡೆಸಿಬೆಲ್ ಸೇಫ್' ಎಂಬ ಚೀಟಿ

ಮಕ್ಕಳಿಗೆಂದೇ 85 ಡೆಸಿಬೆಲ್ ಮೀರದ ಹೆಡ್‌ಫೋನ್‌ಗಳು ಬರುತ್ತವೆ. ಕೆಟ್ಟ ಐಡಿಯಾ ಅಲ್ಲ. ಆದರೆ 85 ಎಂದರೆ ಎಷ್ಟು ಹೊತ್ತು ಬೇಕಾದರೂ ಕೇಳಬಹುದು ಎಂದರ್ಥವಲ್ಲ. ಮಕ್ಕಳ ಮಿತಿ 75 ಡೆಸಿಬೆಲ್‌ಗೆ ವಾರಕ್ಕೆ 40 ತಾಸು. ಅದಕ್ಕಿಂತ 10 ಹೆಚ್ಚಾದರೆ ಸಮಯ ಹತ್ತನೇ ಒಂದು ಪಾಲು, ಅಂದರೆ ವಾರಕ್ಕೆ 4 ತಾಸು. ಪೂರ್ತಿ ವಾಲ್ಯೂಮ್ ಇಟ್ಟುಕೊಂಡು ದಿನಕ್ಕೆ ಒಂದು ತಾಸು ಗೇಮ್ ಆಡಿದರೂ ಗುರುವಾರದ ಹೊತ್ತಿಗೆ ಮುಗಿಯಿತು.

ಫೋನಿನಲ್ಲೇ ಇರುವ ಸೌಲಭ್ಯ ಇದಕ್ಕಿಂತ ಉಪಯೋಗಿ. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಹೆಡ್‌ಫೋನ್ ಸೇಫ್ಟಿ ಎಂದಿದೆ. ಎಷ್ಟು ಡೆಸಿಬೆಲ್ ದಾಟಬಾರದು ಎಂದು ಅಲ್ಲಿ ನೇರ ಹೇಳಬಹುದು. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಇದ್ದು, ಅದಕ್ಕೆ ಪಿನ್ ಕೂಡ ಹಾಕಬಹುದು. ಹೊಸ ಹೆಡ್‌ಫೋನ್ ಕೊಳ್ಳುವ ಮೊದಲು ಇದನ್ನು ನೋಡಿ, ಇದಕ್ಕೆ ದುಡ್ಡೇನೂ ಬೇಕಿಲ್ಲ.

ಫರ್ಸಿ ನೆಲದ ಮನೆಯಲ್ಲಿ ಸ್ಪೀಕರ್

ಇಯರ್‌ಫೋನ್ ಕಡಿಮೆ ಮಾಡಿ ಸ್ಪೀಕರ್‌ನಲ್ಲಿ ಕೇಳಿ ಎಂಬುದು ಇನ್ನೊಂದು ಸಲಹೆ. ತತ್ವ ಸರಿ. ಆದರೆ ಇಲ್ಲಿನ ಮನೆಗಳಲ್ಲಿ ಸ್ಪೀಕರ್‌ಗೂ ಅದರದೇ ತೊಂದರೆ ಇದೆ.

ಕಲಬುರಗಿ ಕಡೆಯ ಹಳೆ ಮನೆ ಎಂದರೆ ಶಹಾಬಾದ್ ಫರ್ಸಿ (ಕಲ್ಲು ಚಪ್ಪಡಿ) ನೆಲ, ಬೋಳು ಗೋಡೆ, ಎತ್ತರದ ಚಾವಣಿ. ಹೊಸ ಮನೆಯಾದರೆ ಫರ್ಸಿ ಬದಲು ಟೈಲ್ಸ್ ಅಥವಾ ಗ್ರಾನೈಟ್. ಸದ್ದಿಗೆ ಎರಡೂ ಒಂದೇ. ಗಟ್ಟಿ, ನುಣುಪು ಮೈಗೆ ಬಡಿದ ಸದ್ದು ಹೀರಿಕೊಳ್ಳದೆ ತಿರುಗಿ ಬರುತ್ತದೆ. ಸ್ಪೀಕರ್‌ನಿಂದ ನೇರ ಬಂದ ಮಾತು ಒಂದು, ನೆಲ-ಗೋಡೆಗೆ ಬಡಿದು ತಡವಾಗಿ ಬಂದದ್ದು ಇನ್ನೊಂದು. ಎರಡೂ ಬೆರೆತು ಮಾತು ಕಲಸಿಹೋಗುತ್ತದೆ. ಟಿವಿ ಜೋರಾಗಿದೆ, ಆದರೆ ಡೈಲಾಗ್ ತಿಳಿಯುವುದಿಲ್ಲ ಎಂಬ ದೂರು ಹುಟ್ಟುವುದು ಹೀಗೆ. ಆಗ ಮನೆಮಂದಿ ವಾಲ್ಯೂಮ್ ಏರಿಸುತ್ತಾರೆ. ಏರಿಸಿದರೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ತೊಂದರೆ ಇದ್ದಲ್ಲೇ ಇರುತ್ತದೆ, ಓಣಿಯವರಿಗೂ ಸೀರಿಯಲ್ ಕೇಳುತ್ತದೆ.

ತೆಳು ಟಿವಿಗಳು ಇದನ್ನು ಇನ್ನೂ ಕೆಡಿಸಿವೆ. ಅವುಗಳ ಸ್ಪೀಕರ್ ಸಾಮಾನ್ಯವಾಗಿ ಕೆಳಗೆ ಅಥವಾ ಹಿಂದಕ್ಕೆ ಮುಖ ಮಾಡಿರುತ್ತದೆ. ನಮಗೆ ಸಿಗುವುದು ಗೋಡೆಗೆ ಬಡಿದು ಬಂದ ಸದ್ದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೆಡ್‌ಫೋನ್, ಸ್ಪೀಕರ್‌ಗಳು ಮೊದಲೇ ಶೇ 18ರಲ್ಲಿದ್ದವು, ಅಲ್ಲೇ ಉಳಿದವು. ಚಿತ್ರ ಅಗ್ಗವಾಯಿತು, ಸದ್ದು ಆಗಲಿಲ್ಲ.

ಸೌಂಡ್‌ಬಾರ್ ತರುವ ಮೊದಲು ಮಾಡಬಹುದಾದ್ದು ಬಹಳ ಇದೆ. ಟಿವಿ ಮತ್ತು ಕೂರುವ ಜಾಗದ ನಡುವೆ ಜಮಖಾನೆ ಹಾಸಿ. ಎದುರು ಗೋಡೆಗೆ ದಪ್ಪ ಪರದೆ ಬಿಡಿ. ಅಲಮಾರಿಯಲ್ಲಿ ಕೂತಿರುವ ಕೌದಿ, ಗಾದಿಗಳನ್ನು ಅದೇ ಕೋಣೆಯಲ್ಲಿ ಇಡಿ. ಹಳೆ ಬಟ್ಟೆಯ ಪದರ ಪದರ ಹೊಲಿದ ಕೌದಿ, ಮಾತಿನ ಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಟಿವಿಯ ಸೌಂಡ್ ಮೋಡ್ ಅನ್ನು ಸ್ಪೀಚ್ ಅಥವಾ ಡೈಲಾಗ್‌ಗೆ ಬದಲಿಸಿ. ಸ್ಪೀಕರ್ ಮೂಲೆಯಲ್ಲಿದ್ದರೆ ಹೊರಗೆ ಎಳೆಯಿರಿ. ಮೂಲೆ ಬೇಸನ್ನು ಉಬ್ಬಿಸುತ್ತದೆ, ಮಾತು ಅದರಡಿ ಮುಚ್ಚಿಹೋಗುತ್ತದೆ.

ಆಮೇಲೆ ದೂರದ ಲೆಕ್ಕ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಇಳಿಕೆ ಸ್ವಲ್ಪ ಕಡಿಮೆ, ಆದರೂ ಇದೆ. ಹನ್ನೆರಡು ಅಡಿ ದೂರದ ದೊಡ್ಡ ಸ್ಪೀಕರ್‌ಗಿಂತ ಮೂರು ಅಡಿ ದೂರದ ಸಣ್ಣ ಸ್ಪೀಕರ್ ಮಾತನ್ನು ಸ್ಪಷ್ಟವಾಗಿ ಕೊಡುತ್ತದೆ. ಕಿವಿ ಮಂದವಾದ ಅಜ್ಜ, ಅಮ್ಮ ಇರುವ ಮನೆಗೆ ಇದು ಮುಖ್ಯ. ವಯಸ್ಸಾದಾಗ ಮೊದಲು ಹೋಗುವುದು ಕೀರಲು ಧ್ವನಿ. ಸ, ತ, ಕ ಮೊದಲಾದ ಅಕ್ಷರಗಳು ಕಳೆದುಹೋಗುತ್ತವೆ. ದೊಡ್ಡ ವೂಫರ್ ತಂದರೆ ಅವರಿಗೆ ಗುಡುಗು ಕೇಳುತ್ತದೆ, ಮಾತು ಕೇಳುವುದಿಲ್ಲ. ಅವರ ಮಂಚದ ಪಕ್ಕ ಒಂದು ಸಣ್ಣ ಸ್ಪೀಕರ್ ಇಟ್ಟು ಟಿವಿಗೆ ಜೋಡಿಸಿದರೆ ಮನೆಯ ಒಟ್ಟು ಸದ್ದು ತಗ್ಗುತ್ತದೆ. ಬ್ಲೂಟೂತ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿದರೆ ವೈರ್ ಹಾಕಿ, ಇಲ್ಲವೇ ಟಿವಿಯ ಆಡಿಯೋ ಡಿಲೇ ಸರಿಮಾಡಿ.

ಇನ್ನು ಕೂಲರ್. ಅದನ್ನು ಟಿವಿಯಿಂದ ದೂರ ಮಾಡುವುದಕ್ಕಿಂತ ನಿಮ್ಮ ಕಿವಿಯಿಂದ ದೂರ ಮಾಡುವುದು ಮುಖ್ಯ. ಕಿಟಕಿಯ ಹೊರಗೆ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಮೋಟಾರಿನ ಸದ್ದು ಬಹುಪಾಲು ಹೊರಗೆ ಉಳಿಯುತ್ತದೆ. ಕಾಲಿನ ಕೆಳಗೆ ದಪ್ಪ ರಬ್ಬರ್ ಇಟ್ಟರೆ ತಗಡಿನ ನಡುಕ ಇಳಿಯುತ್ತದೆ. ಒಂದು ಸ್ಪೀಡ್ ಕಡಿಮೆ ಮಾಡಿದರೆ ಟಿವಿ ವಾಲ್ಯೂಮ್ ತಾನಾಗಿ ನಾಲ್ಕೈದು ಗೆರೆ ಕೆಳಗೆ ಬರುತ್ತದೆ.

ವ್ಯಾಟ್ ಎಂಬ ಮಾಯೆ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಟವರ್ ಸ್ಪೀಕರ್‌ಗಳ ಮೇಲೆ ಸಾವಿರಗಟ್ಟಲೆ ವ್ಯಾಟ್ ಬರೆದಿರುವುದನ್ನು ನೋಡಿರುತ್ತೀರಿ. ಅದು ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳುವ ಅಂಕಿ) ಆಗಿದ್ದರೆ ಬರೀ ಜಾಹೀರಾತಿನ ಅಂಕಿ. ಆರ್‌ಎಂಎಸ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ, ಎಷ್ಟು ಎಂದು ಕೇಳಿ. ಅದೂ ಗೊತ್ತಾದ ಮೇಲೆ ನೆನಪಿಡಿ: 40 ವ್ಯಾಟ್‌ನ ಬದಲು 80 ವ್ಯಾಟ್ ತಂದರೆ ಸಿಗುವುದು 3 ಡೆಸಿಬೆಲ್. ಕಿವಿಗೆ ಅದು ಅಷ್ಟೋ ಇಷ್ಟೋ ಗೊತ್ತಾಗುತ್ತದೆ. ಎರಡು ಪಟ್ಟು ಜೋರಾಗಬೇಕು ಅಂದರೆ ವ್ಯಾಟ್ ಹತ್ತು ಪಟ್ಟು ಆಗಬೇಕು. ಹನ್ನೆರಡಕ್ಕೆ ಹನ್ನೆರಡು ಅಡಿ ಕೋಣೆಗೆ ಅಷ್ಟು ಯಾಕೆ?

ಸ್ಪೀಕರ್‌ಗೆ 100, ಇಯರ್‌ಫೋನ್‌ಗೆ 50?

ಆರೋಗ್ಯ ಇಲಾಖೆಯ ಅದೇ ಪತ್ರ ಸಾರ್ವಜನಿಕ ಕಾರ್ಯಕ್ರಮಗಳಲ್ಲಿ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಸಂಗೀತದ ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಂದ ಮಾನದಂಡದಲ್ಲಿರುವ ಅಂಕಿಯೂ ಇದೇ. ಆದರೆ ಓದುವವರಿಗೆ ವಿಚಿತ್ರ ಅನ್ನಿಸುತ್ತದೆ. ಗಣಪತಿ ಮೆರವಣಿಗೆಯ ಡಿಜೆ ಮುಂದೆ 100 ನಡೆಯುತ್ತದೆ, ಕಿವಿಯ ಇಯರ್‌ಫೋನ್‌ಗೆ 50 ಮಾತ್ರವಾ?

ಮೊದಲು ಕಾನೂನು ನೋಡೋಣ. ಶಬ್ದ ಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕ ಬಳಸುವ ಸಾರ್ವಜನಿಕ ಜಾಗದ ಅಂಚಿನಲ್ಲಿ ಸದ್ದು 75 ಡೆಸಿಬೆಲ್ ಅಥವಾ ಆ ಪ್ರದೇಶದ ಮಿತಿಗಿಂತ 10 ಹೆಚ್ಚು, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ತೆರೆದ ಜಾಗದಲ್ಲಿ ಧ್ವನಿವರ್ಧಕವೇ ಇಲ್ಲ, ರಾಜ್ಯ ಸರ್ಕಾರ ಹಬ್ಬಗಳಿಗೆಂದು ಕೆಲವು ದಿನ ಮಧ್ಯರಾತ್ರಿ ತನಕ ಸಡಿಲಿಸಬಹುದು, ಅಷ್ಟೇ. ಅಂದರೆ ಒಳಗೆ ಕೂತ ಪ್ರೇಕ್ಷಕರಿಗೆ 100 ಒಂದು ಲೆಕ್ಕ, ಹೊರಗಿನ ವಸತಿ ಓಣಿಗೆ ಹಗಲು 65 (55ಕ್ಕೆ 10 ಸೇರಿಸಿ) ಇನ್ನೊಂದು ಲೆಕ್ಕ. ಇನ್ನು ಕಿವಿಯ ಲೆಕ್ಕ ಹಿಡಿದರೆ 100 ಡೆಸಿಬೆಲ್‌ನಲ್ಲಿ ವಾರದ ಪಾಲು 20 ನಿಮಿಷಕ್ಕೇ ಮುಗಿಯುತ್ತದೆ. ಎರಡು ತಾಸು ಮುಂದೆ ನಿಂತು ಕುಣಿದವರು ಆರು ವಾರದ್ದನ್ನು ಒಂದೇ ರಾತ್ರಿ ಖರ್ಚು ಮಾಡಿರುತ್ತಾರೆ. ಇಯರ್‌ಫೋನ್‌ಗೆ ಅಷ್ಟು ಬಿಗಿ, ಇದಕ್ಕೆ ಇಷ್ಟು ಸಡಿಲ ಎಂಬ ಟೀಕೆಯಲ್ಲಿ ಹುರುಳಿದೆ.

ಬಿಸಿಲು, ಬೆವರು, ಬ್ಯಾಟರಿ

ಇಲ್ಲಿನ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಲಿಥಿಯಂ ಬ್ಯಾಟರಿಗೆ 35 ದಾಟಿದರೇ ಕಷ್ಟ. ಮಧ್ಯಾಹ್ನ ಸ್ಕೂಟರ್ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಯರ್‌ಬಡ್ ಬಿಟ್ಟು ಹೋದರೆ ಬ್ಯಾಟರಿಯ ಆಯುಷ್ಯ ಬೇಗ ಕುಗ್ಗುತ್ತದೆ. ಇಯರ್‌ಬಡ್‌ನ ಪುಟ್ಟ ಬ್ಯಾಟರಿಯನ್ನು ಬದಲಿಸುವುದು ಕಷ್ಟ, ಅದು ಸತ್ತರೆ ಇಡೀ ವಸ್ತುವೇ ಕಸ. ನೆಕ್‌ಬ್ಯಾಂಡ್‌ನ ಬ್ಯಾಟರಿ ಸ್ವಲ್ಪ ದೊಡ್ಡದು, ಕಳೆದುಹೋಗುವ ಭಯವೂ ಕಡಿಮೆ. ವೈರ್ ಇಯರ್‌ಫೋನ್‌ಗೆ ಈ ತಲೆನೋವೇ ಇಲ್ಲ.

ಕಿವಿ ಮುಚ್ಚುವ ತುದಿಯ ಒಳಗೆ ಬೆವರು ನಿಂತರೆ ಬೂಷ್ಟಿನ ಸೋಂಕು ಆಗಬಹುದು. ಕೂಲರ್ ಗಾಳಿಯ ತೇವವೂ ಅದಕ್ಕೆ ಜೊತೆ. ತುದಿಗಳನ್ನು ಬಿಚ್ಚಿ ತೊಳೆದು ಒಣಗಿಸಿ ಹಾಕಬೇಕು, ಒಬ್ಬರದ್ದು ಇನ್ನೊಬ್ಬರು ಹಾಕಬಾರದು.

ವೈರ್‌ಲೆಸ್ ಇಯರ್‌ಫೋನ್, ಬ್ಲೂಟೂತ್ ಸ್ಪೀಕರ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಇದು ಮುಖ್ಯವಾಗಿ ವಿದ್ಯುತ್, ಬೆಂಕಿ, ಬ್ಯಾಟರಿಯ ಸುರಕ್ಷತೆಗೆ ಸಂಬಂಧಿಸಿದ್ದು. ಧ್ವನಿ ಚೆನ್ನಾಗಿದೆ ಎಂಬುದಕ್ಕೆ ಸರ್ಟಿಫಿಕೇಟ್ ಅಲ್ಲ.

ಯಾರ ವಾದ ಎಲ್ಲಿ ನಿಲ್ಲುತ್ತದೆ

ಇಲಾಖೆಗೆ ಬೇಕಾದ್ದು ಎಲ್ಲರಿಗೂ ನೆನಪಿರುವ ಒಂದು ಚಿಕ್ಕ ಅಂಕಿ. ವಿಶ್ವ ಆರೋಗ್ಯ ಸಂಸ್ಥೆಯದ್ದು ವಾರದ ಲೆಕ್ಕ. ಅದು ಹೆಚ್ಚು ಸರಿ, ಆದರೆ ಲೆಕ್ಕ ಇಡುವ ಫೋನ್ ಇದ್ದವರಿಗೆ ಮಾತ್ರ ಸುಲಭ. ಕಂಪನಿಗಳು ಎಎನ್‌ಸಿ ಕೊಂಡರೆ ಎಲ್ಲ ಸರಿಹೋಯಿತು ಎನ್ನುತ್ತವೆ. ಅದು ಅರ್ಧ ನಿಜ, ಸದ್ದು ತಡೆದ ಮೇಲೂ ಹಳೆ ರೂಢಿಯಲ್ಲೇ ವಾಲ್ಯೂಮ್ ಇಟ್ಟರೆ ಕಿವಿಗೆ ಬೀಳುವ ಪೆಟ್ಟು ಅಷ್ಟೇ ಇರುತ್ತದೆ. ನನಗೆ ಕಾಣುವಂತೆ 50 ಎಂಬ ಅಂಕಿಯನ್ನು ಬಿಟ್ಟು, ಪತ್ರದ ಒಳಗಿದ್ದ 'ಸರಿಯಾಗಿ ಕೂರುವ, ಸದ್ದು ತಡೆಯುವ' ಎಂಬ ಸಾಲನ್ನೇ ತಲೆಬರಹ ಮಾಡಿದ್ದರೆ ಜನರಿಗೆ ಹೆಚ್ಚು ಉಪಯೋಗ ಆಗುತ್ತಿತ್ತು.

ಕಿವಿಯಲ್ಲಿ ಗುಂಯ್ ಶಬ್ದ ಒಂದು ದಿನ ದಾಟಿಯೂ ನಿಲ್ಲದಿದ್ದರೆ, ಮಾತು ಕೇಳುತ್ತದೆ ಆದರೆ ತಿಳಿಯುವುದಿಲ್ಲ ಎನಿಸಿದರೆ, ಇಎನ್‌ಟಿ ವಿಭಾಗದಲ್ಲಿ ಆಡಿಯೋಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿಸಬೇಕು. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇರುತ್ತದೆ.

ಇನ್ನು ಅಂಗಡಿಗೆ ಹೋದಾಗ: ಎಸಿ ಹಾಕಿದ ಶೋರೂಮಿನೊಳಗೆ ಎಲ್ಲ ಇಯರ್‌ಫೋನ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ನಿಮ್ಮದೇ ಫೋನ್ ಒಯ್ಯಿರಿ, ಮಾತು ಹೆಚ್ಚಿರುವ ಒಂದು ವಿಡಿಯೋ ಹಾಕಿ, ಅಂಗಡಿಯವರ ಅನುಮತಿ ಕೇಳಿ ಬಾಗಿಲ ಹೊರಗೆ ಆಟೋಗಳ ನಡುವೆ ನಿಲ್ಲಿ. ಮಾತು ತಿಳಿಯುವಷ್ಟಕ್ಕೆ ವಾಲ್ಯೂಮ್ ಇಡಿ. ಹಾಗೇ ವಾಲ್ಯೂಮ್ ಮುಟ್ಟದೆ ಒಳಗೆ ಬನ್ನಿ. ಒಳಗೆ ಬಂದಾಗ ಸದ್ದು ಹಿತವಾಗಿದ್ದರೆ ಆ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆದಿದೆ ಎಂದರ್ಥ. ಕಿವಿ ಗಡಚಿಕ್ಕಿದರೆ ಡಬ್ಬಿಯಲ್ಲಿನ ಬೇರೆ ಅಳತೆಯ ತುದಿ ಹಾಕಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಬೇರೆ ಮಾಡೆಲ್ ತೋರಿಸಿ ಎನ್ನಿ.